ಸೈಕಸ್ ಬೀಜ ತಿಂದ ನಾಯಿ, ಆಮೇಲೆ ನಾವು ವಿಂಗಡಿಸಿದ ತೋಟ

ಸೈಕಸ್ ಗಿಡದ ಬೀಜ ತಿಂದ ನಮ್ಮ ನಾಯಿಯನ್ನು ಉಳಿಸಿಕೊಳ್ಳಲು ನಡೆದ ಚಿಕಿತ್ಸೆಯನ್ನೂ, ಅದು ಚೇತರಿಸಿಕೊಂಡ ಮೇಲೆ ತೋಟದ ಒಂದೊಂದು ಗಿಡವನ್ನೂ ಗುರುತಿಸಿ ವಿಂಗಡಿಸಿದ ಕೆಲಸವನ್ನೂ ಇಲ್ಲಿ ಬರೆದಿದ್ದೇನೆ. ನಾಯಿ ಸಾಕುವವರಲ್ಲಿ ಹೆಚ್ಚಿನವರಿಗೆ ಚಾಕೊಲೇಟು, ಈರುಳ್ಳಿ, ದ್ರಾಕ್ಷಿ ಕೊಡಬಾರದೆಂದು ಗೊತ್ತಿರುತ್ತದೆ. ಆದರೆ ಅಂದಕ್ಕೆಂದು ಬೆಳೆಸಿದ ಗಿಡಗಳಲ್ಲಿ ಯಾವುದು ಬಾಯಿಯನ್ನು ಸ್ವಲ್ಪ ಹೊತ್ತು ಉರಿಸಿ ಬಿಡುತ್ತದೆ, ಯಾವುದು ಹೃದಯದ ಬಡಿತವನ್ನೇ ಕೆಡಿಸುತ್ತದೆ, ಯಾವುದು ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಯಕೃತ್ತನ್ನು ಹಾಳುಮಾಡುತ್ತದೆ ಎಂಬ ವ್ಯತ್ಯಾಸ ಬಹಳ ಜನರಿಗೆ ತಿಳಿದಿರುವುದಿಲ್ಲ. ಆ ವ್ಯತ್ಯಾಸ ತಿಳಿದಿದ್ದರೆ ಮಾತ್ರ ಯಾವಾಗ ಸಮಾಧಾನದಿಂದ ಇರಬಹುದು, ಯಾವಾಗ ಒಂದು ನಿಮಿಷವನ್ನೂ ಕಳೆಯಬಾರದು ಎಂಬುದನ್ನು ನಿರ್ಧರಿಸಲು ಸಾಧ್ಯ.

ಬೆಳ್ಳಿ ಆಗ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತಿದ್ದ ಮರಿ. ಆ ವಯಸ್ಸಿನ ಮರಿಗಳು ಒಸಡಿನ ಕಿರಿಕಿರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತವೆ. ಪಕ್ಕದ ಮನೆಯವರ ಅಂಗಳದಲ್ಲಿ ಬೇಲಿಗೆ ತಾಗಿಕೊಂಡು ಹಳೆಯದೊಂದು ಸೈಕಸ್ ಗಿಡವಿತ್ತು. ಸೈಕಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ನೆತ್ತಿಯ ನಡುವೆ, ಉಣ್ಣೆಯಂತೆ ನವಿರಾದ ಕಂದು ಎಸಳುಗಳ ಸಂದಿಯಲ್ಲಿ ಕಿತ್ತಳೆ ಬಣ್ಣದ ಬೀಜಗಳು ಕೂಡುತ್ತವೆ. ಅವು ಬಲಿತು ಉದುರಿ, ಬೇಲಿಯ ಕೆಳಗಿನ ಸಂದಿಯಿಂದ ನಮ್ಮ ಕಡೆಗೆ ಉರುಳಿ ಬಂದಿದ್ದವು. ಬೆಳ್ಳಿ ಏನನ್ನೋ ಕಟಕಟನೆ ಅಗಿಯುತ್ತಿರುವ ಸದ್ದು ಕೇಳಿ ಹೋಗಿ ನೋಡಿದಾಗ ಅದರ ಮುಂಗಾಲುಗಳ ನಡುವೆ ಕಿತ್ತಳೆ ಬಣ್ಣದ ಸಿಪ್ಪೆಯ ಚೂರುಗಳು, ಹಲ್ಲಿನ ಗುರುತು ಬಿದ್ದು ಒಡೆದ ಗಟ್ಟಿ ಚಿಪ್ಪು ಬಿದ್ದಿದ್ದವು. ಒಳಗಿನ ಬಿಳಿ ತಿರುಳು ಇರಲಿಲ್ಲ.

ಉಳಿದಿದ್ದ ಚೂರುಗಳನ್ನು ಒಂದು ಚೀಲಕ್ಕೆ ತುಂಬಿ, ಗಿಡದ ಫೋಟೊ ತೆಗೆದು, ಪಶುವೈದ್ಯರಿಗೆ ಫೋನ್ ಮಾಡಿದೆವು. ಅವರು ಕೇಳಿದ ಪ್ರಶ್ನೆಗಳು ಮುಂದೆ ನಮಗೆ ಬಹಳ ಉಪಯೋಗಕ್ಕೆ ಬಂದವು: ಯಾವ ಗಿಡ, ಅದರ ಯಾವ ಭಾಗ, ಎಷ್ಟು ತಿಂದಿರಬಹುದು, ತಿಂದು ಎಷ್ಟು ಹೊತ್ತಾಯಿತು, ನಾಯಿಯ ತೂಕವೆಷ್ಟು, ಈಗ ಅದು ಎಚ್ಚರವಾಗಿದೆಯೇ, ಈಗಾಗಲೇ ವಾಂತಿಯಾಗಿದೆಯೇ. ನಾಯಿ ಚೆನ್ನಾಗಿಯೇ ಓಡಾಡುತ್ತಿದೆ ಎಂದು ಹೇಳಿದಾಗ ಅವರು ಕೊಟ್ಟ ಉತ್ತರ ಹೀಗಿತ್ತು: “ಚೆನ್ನಾಗಿ ಕಾಣುತ್ತಿರುವಾಗಲೇ ಕರೆದುಕೊಂಡು ಬರಬೇಕು. ಲಕ್ಷಣ ಕಾಣಿಸಲಿ ಅಂತ ಕಾಯಬೇಡಿ. ಮನೆಯಲ್ಲಿ ಏನನ್ನೂ ಕುಡಿಸಬೇಡಿ.”

ಕೊನೆಯ ಮಾತನ್ನು ಅವರು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ವಿಷ ಹೊರಬರಲೆಂದು ಉಪ್ಪುನೀರು ಕುಡಿಸುವ ರೂಢಿ ಇನ್ನೂ ಇದೆ. ಅದರಿಂದ ರಕ್ತದಲ್ಲಿ ಸೋಡಿಯಂ ವಿಪರೀತ ಏರಿ, ಮಿದುಳಿಗೆ ಪೆಟ್ಟಾಗಿ, ಗಿಡದ ವಿಷಕ್ಕಿಂತ ಮೊದಲು ಉಪ್ಪೇ ನಾಯಿಯನ್ನು ಕೊಲ್ಲಬಹುದು. ಗಂಟಲಿಗೆ ಬೆರಳು ಹಾಕುವುದೂ ಅಪಾಯಕರ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ವಾಂತಿ ಮಾಡಿಸುವ ಕ್ರಮವೊಂದು ಇದೆಯಾದರೂ ಅದನ್ನು ವೈದ್ಯರು ಪ್ರಮಾಣ ಹೇಳಿದಾಗ ಮಾತ್ರ ಮಾಡಬೇಕು, ಏಕೆಂದರೆ ಅದು ಹೊಟ್ಟೆಯ ಒಳಪದರವನ್ನು ಸುಡುತ್ತದೆ. ಮಂಪರಿನಲ್ಲಿರುವ, ಫಿಟ್ಸ್ ಬಂದಿರುವ, ಉಸಿರಾಟಕ್ಕೆ ಕಷ್ಟಪಡುತ್ತಿರುವ ನಾಯಿಗಂತೂ ವಾಂತಿ ಮಾಡಿಸಲೇಬಾರದು. ಬಂದದ್ದು ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ.

ಆಸ್ಪತ್ರೆಯಲ್ಲಿ ಮೊದಲು ವಾಂತಿ ಬರಿಸುವ ಅಪೊಮಾರ್ಫಿನ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಬೆಳ್ಳಿ ತುಟಿ ನೆಕ್ಕಿಕೊಳ್ಳತೊಡಗಿ, ಜೊಲ್ಲು ಸುರಿಸಿ, ಮತ್ತೆ ಮತ್ತೆ ವಾಂತಿ ಮಾಡಿತು. ಅದರಲ್ಲಿ ಬಿಳಿ ತಿರುಳಿನ ತುಂಡುಗಳೂ ಕಿತ್ತಳೆ ಸಿಪ್ಪೆಯ ನಾರುಗಳೂ ಸ್ಪಷ್ಟವಾಗಿ ಕಂಡವು. ನಾವು ತಂದಿದ್ದ ಚೀಲದ ಚೂರುಗಳೊಡನೆ ಅವನ್ನು ಹೋಲಿಸಿ ನೋಡಿದ ವೈದ್ಯರು, ಹೊಟ್ಟೆಗೆ ಹೋದದ್ದೆಲ್ಲ ಹೊರಬಂದಿದೆ ಎಂದು ನಂಬುವಂತಿಲ್ಲ ಎಂದರು. ಆಮೇಲೆ ಆ್ಯಕ್ಟಿವೇಟೆಡ್ ಚಾರ್ಕೋಲ್, ಅಂದರೆ ವಿಷವನ್ನು ತನ್ನ ಮೈಗೆ ಅಂಟಿಸಿಕೊಳ್ಳುವಂತೆ ಸಿದ್ಧಪಡಿಸಿದ ಇದ್ದಿಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರು. ಒಲೆಯ ಇದ್ದಿಲು ಈ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಸೈಕಸ್‌ನ ವಿಷ ಕೆಲಸ ಮಾಡುವ ಬಗೆಯನ್ನು ತಿಳಿದ ಮೇಲೆ ಅವಸರ ಏಕೆ ಬೇಕೆಂಬುದು ಸ್ಪಷ್ಟವಾಯಿತು. ಗಿಡದಲ್ಲಿರುವ ಸೈಕಾಸಿನ್ ಎಂಬ ವಸ್ತು ತಾನಾಗಿ ಅಷ್ಟೇನೂ ಹಾನಿ ಮಾಡುವುದಿಲ್ಲ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯ ಭಾಗವನ್ನು ಬೇರ್ಪಡಿಸಿದಾಗ ಉಳಿಯುವ ಭಾಗವೇ ಯಕೃತ್ತಿನ ಜೀವಕೋಶಗಳನ್ನು ಸಾಯಿಸುವುದು. ಆದ್ದರಿಂದ ಬೀಜ ಕರುಳಿಗೆ ಇಳಿಯುವ ಮೊದಲೇ ಅದನ್ನು ಹೊರತೆಗೆದಷ್ಟೂ ನಾಯಿಗೆ ಒಳ್ಳೆಯದು. ಗಿಡದ ಎಲೆ, ಬೇರು, ಕಾಂಡ ಎಲ್ಲದರಲ್ಲೂ ವಿಷವಿದೆ. ಬೀಜದಲ್ಲಿ ಅತಿ ಹೆಚ್ಚು. ಒಂದೆರಡು ಬೀಜ ತಿಂದು ಸತ್ತ ನಾಯಿಗಳಿವೆ. ಪ್ರಕಟವಾಗಿರುವ ಪಶುವೈದ್ಯಕೀಯ ವರದಿಗಳಲ್ಲಿ ಸಾವಿನ ಪ್ರಮಾಣ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ಇದೆ, ಅದೂ ಚಿಕಿತ್ಸೆ ಸಿಕ್ಕಿದ ನಾಯಿಗಳನ್ನು ಸೇರಿಸಿಕೊಂಡು.

ಈ ವಿಷದ ಅತ್ಯಂತ ಕ್ರೂರವಾದ ಗುಣವೆಂದರೆ ನಡುವೆ ಬರುವ ಬಿಡುವು. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಜೊಲ್ಲು ಕಾಣಿಸಿಕೊಂಡು ಆಮೇಲೆ ಕಡಿಮೆಯಾಗಬಹುದು. ನಾಯಿ ನೀರು ಕುಡಿಯುತ್ತದೆ, ಬಾಲ ಅಲ್ಲಾಡಿಸುತ್ತದೆ, ಮನೆಯವರಿಗೆ ಗಂಡಾಂತರ ಕಳೆಯಿತೆನಿಸುತ್ತದೆ. ಎರಡು ಮೂರು ದಿನಗಳೊಳಗೆ ಯಕೃತ್ತು ಸೋಲತೊಡಗಿದಾಗ ಊಟ ಬಿಡುತ್ತದೆ, ಕಣ್ಣಿನ ಬಿಳಿಭಾಗವೂ ಒಸಡೂ ಹಳದಿಗೆ ತಿರುಗುತ್ತವೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ ಒಸಡಿನಲ್ಲೋ ಮಲದಲ್ಲೋ ರಕ್ತ ಕಾಣಿಸುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಆ ಹಂತದಲ್ಲಿ ಇದ್ದಿಲಿನಿಂದ ಏನೂ ಆಗುವುದಿಲ್ಲ.

ಬೆಳ್ಳಿಯನ್ನು ಆಸ್ಪತ್ರೆಯಲ್ಲಿಯೇ ಉಳಿಸಿಕೊಂಡು ಡ್ರಿಪ್ ಹಾಕಿದರು. ವಾಂತಿ ನಿಲ್ಲಿಸುವ ಚುಚ್ಚುಮದ್ದು, ಯಕೃತ್ತಿಗೆ ಆಸರೆಯಾಗುವ ಅಸಿಟೈಲ್‌ಸಿಸ್ಟೀನ್, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ1 ಕೊಟ್ಟರು. ಸೈಕಸ್ ವಿಷಕ್ಕೆಂದೇ ಇರುವ ಪ್ರತಿವಿಷ ಯಾವುದೂ ಇಲ್ಲ, ಯಕೃತ್ತು ತನ್ನನ್ನು ತಾನು ಸರಿಪಡಿಸಿಕೊಳ್ಳುವವರೆಗೆ ದೇಹವನ್ನು ಹಿಡಿದು ನಿಲ್ಲಿಸುವುದಷ್ಟೇ ಚಿಕಿತ್ಸೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಬಂದ ದಿನವೇ ತೆಗೆದ ರಕ್ತದ ವರದಿ ಸಹಜವಾಗಿತ್ತು. ಅದರಿಂದ ನಿರಾಳರಾಗಬೇಡಿ, ಮುಂದಿನ ವರದಿಗಳೊಡನೆ ಹೋಲಿಸಲು ಅದು ಬೇಕು ಎಂದರು. ಹಾಗೆಯೇ 24, 48, 72 ಗಂಟೆಗಳಿಗೆ ಮತ್ತೆ ರಕ್ತ ತೆಗೆದು ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ, ಬಿಲಿರುಬಿನ್, ಸಕ್ಕರೆಯ ಮಟ್ಟ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಇವನ್ನೆಲ್ಲ ನೋಡಿದರು.

ಎರಡನೆಯ ವರದಿಯಲ್ಲಿ ಎಎಲ್‌ಟಿ ಏರಿತ್ತು. ಮೂರನೆಯದರಲ್ಲಿ ಇನ್ನಷ್ಟು ಏರಿತ್ತು. ಬೆಳ್ಳಿ ಮೂಲೆಯಲ್ಲಿ ಮುದುರಿಕೊಂಡು ಮಲಗಿತ್ತು. ಹೆಸರು ಹಿಡಿದು ಕರೆದರೆ ಕಿವಿ ಮಾತ್ರ ಆಡಿಸುತ್ತಿತ್ತು. ಅದರ ಮೇಲ್ದುಟಿಯನ್ನು ಮೆಲ್ಲನೆ ಎತ್ತಿ ಒಸಡಿನ ಬಣ್ಣ ನೋಡುವುದನ್ನು ಅಲ್ಲಿನ ಸಹಾಯಕರೊಬ್ಬರು ನಮಗೆ ಕಲಿಸಿಕೊಟ್ಟರು: ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು, ಹಳದಿಯ ಛಾಯೆ ಇರಬಾರದು. ನಾವು ಹೋದಾಗಲೆಲ್ಲ ಮೊದಲು ಅದನ್ನೇ ನೋಡುತ್ತಿದ್ದೆವು. ಆ ಒಸಡು ಹಳದಿಯಾಗಲಿಲ್ಲ. ಹೆಪ್ಪುಗಟ್ಟುವ ಸಮಯವೂ ಕೈಮೀರಲಿಲ್ಲ. ಅದರ ಮುಂದಿನ ವರದಿಯಲ್ಲಿ ಕಿಣ್ವ ಇಳಿಮುಖವಾಯಿತು, ತಟ್ಟೆಗೆ ಹಾಕಿದ್ದನ್ನು ಬೆಳ್ಳಿ ಮೂಸಿ ನೋಡಿ ಸ್ವಲ್ಪ ತಿಂದಿತು. ಮನೆಗೆ ಬಂದ ಮೇಲೂ ಯಕೃತ್ತಿನ ಔಷಧ ಬಹಳ ದಿನ ನಡೆಯಿತು, ರಕ್ತಪರೀಕ್ಷೆಯೂ ನಡೆಯಿತು. ಬದುಕಿ ಉಳಿದರೂ ಯಕೃತ್ತಿನ ಹಾನಿ ಶಾಶ್ವತವಾಗಿ ಉಳಿಯುವ ನಾಯಿಗಳಿವೆ ಎಂದು ಕೇಳಿದ್ದ ನಮಗೆ ಕಿಣ್ವ ಪೂರ್ತಿ ಸಹಜ ಮಟ್ಟಕ್ಕೆ ಬರುವವರೆಗೂ ನೆಮ್ಮದಿ ಇರಲಿಲ್ಲ.

ಪಕ್ಕದ ಮನೆಯವರಿಗೆ ವಿಷಯ ತಿಳಿಸಿದಾಗ ಅವರು ಬಹಳ ನೊಂದುಕೊಂಡರು. ಆ ಗಿಡ ಅವರು ಅಲ್ಲಿಗೆ ಬರುವ ಮೊದಲೇ ಇದ್ದದ್ದು. ನೆತ್ತಿಯ ಬೀಜಗಳನ್ನು ಮಾತ್ರ ತೆಗೆದರೆ ಸಾಕೇ ಎಂದು ಅವರು ಕೇಳಿದರು. ಅಪಾಯ ಕಡಿಮೆಯಾಗುತ್ತದೆ, ಆದರೆ ಎಲೆ, ಬೇರು ಅಗಿದರೂ ವಿಷವೇ ಎಂದು ವೈದ್ಯರು ಹೇಳಿದ್ದನ್ನು ತಿಳಿಸಿದೆ. ಅವರು ಗಿಡವನ್ನೇ ತೆಗೆಸಲು ಒಪ್ಪಿದರು. ದಪ್ಪ ಕೈಗವಸು ಹಾಕಿಕೊಂಡು, ಬುಡದ ಸುತ್ತ ಮೂಡಿದ್ದ ಮರಿಗಡ್ಡೆಗಳನ್ನೂ ಬೇರುಗಳನ್ನೂ ಬಿಡದೆ ಅಗೆದು ತೆಗೆದು, ಮಣ್ಣಿನಲ್ಲಿ ಸೇರಿಹೋಗಿದ್ದ ಹಳೆಯ ಬೀಜಗಳನ್ನು ಜರಡಿ ಹಿಡಿದು ಆರಿಸಿದೆವು.

ಅಲ್ಲಿಂದ ನಮ್ಮ ತೋಟದ ಸರದಿ. ಗಿಡಗಳೆಲ್ಲ ಮನೆಯ ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ನೆಟ್ಟಿದ್ದವು. ಒಂದೊಂದು ಗಿಡದ ಎಲೆ, ಹೂ, ಕಾಯಿ, ತೊಗಟೆಯ ಫೋಟೊ ತೆಗೆದು, ಸಸ್ಯಶಾಸ್ತ್ರ ಬಲ್ಲ ಪರಿಚಿತರಿಗೆ ತೋರಿಸಿ, ಶಾಸ್ತ್ರೀಯ ಹೆಸರನ್ನು ಬರೆದುಕೊಂಡೆವು. ಬಳಕೆಯ ಹೆಸರು ಈ ಕೆಲಸಕ್ಕೆ ಸಾಲುವುದಿಲ್ಲ. ಲಿಲ್ಲಿ ಎಂದು ಕರೆಸಿಕೊಳ್ಳುವ ಗಿಡಗಳಲ್ಲಿ ಪೀಸ್ ಲಿಲ್ಲಿ ಬಾಯಿಯನ್ನು ಉರಿಸುತ್ತದೆ, ಲಿಲ್ಲಿ ಆಫ್ ದ ವ್ಯಾಲಿ ಹೃದಯಕ್ಕೆ ಆಪತ್ತು ತರುತ್ತದೆ, ನಿಜವಾದ ಲಿಲ್ಲಿಗಳು ನಾಯಿಗೆ ಹೊಟ್ಟೆ ಕೆಡಿಸಿದರೆ ಬೆಕ್ಕಿನ ಮೂತ್ರಪಿಂಡವನ್ನೇ ನಾಶಮಾಡುತ್ತವೆ. ಸೈಕಸ್ಸನ್ನು ಸೇಗೊ ಪಾಮ್ ಎಂದು ಮಾರುತ್ತಾರೆ. ಅದು ಪಾಮ್ ಜಾತಿಯದ್ದೇ ಅಲ್ಲ. ನಾಯಿಗೆ ಯಾವ ತೊಂದರೆಯೂ ಇಲ್ಲದ ಅರೆಕಾ ಪಾಮ್ ಪಕ್ಕದಲ್ಲಿಯೇ ಅದನ್ನೂ ಇಟ್ಟಿರುತ್ತಾರೆ.

ಮೊದಲು ಕೈಹಾಕಿದ್ದು ಕಣಗಿಲೆಗೆ. ಕಣಗಿಲೆಯ ಎಲೆ, ಹೂ, ತೊಗಟೆ, ಹಾಲು ಎಲ್ಲದರಲ್ಲೂ ಒಲಿಯಾಂಡ್ರಿನ್ ಮೊದಲಾದ, ಹೃದಯದ ಮೇಲೆ ಕೆಲಸ ಮಾಡುವ ಗ್ಲೈಕೊಸೈಡುಗಳಿವೆ. ಜೀವಕೋಶಗಳಿಂದ ಸೋಡಿಯಂ ಹೊರಕ್ಕೂ ಪೊಟ್ಯಾಸಿಯಂ ಒಳಕ್ಕೂ ಸಾಗುವಂತೆ ನೋಡಿಕೊಳ್ಳುವ ಒಂದು ಪಂಪ್ ಇದೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಇದನ್ನು ವಿವರಿಸಿ, 1997ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಒಂದು ಪಾಲು ಪಡೆದರು. ಕಣಗಿಲೆಯ ವಿಷ ಈ ಪಂಪನ್ನೇ ತಡೆಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ಒಮ್ಮೆ ತೀರ ನಿಧಾನವಾಗಿ, ಒಮ್ಮೆ ಲಯ ತಪ್ಪಿ ಬಡಿಯುತ್ತದೆ. ಹಳದಿ ಕಣಗಿಲೆ, ಫಾಕ್ಸ್‌ಗ್ಲೋವ್, ಕಲಾಂಚೊ ಇವುಗಳಲ್ಲೂ ಇದೇ ಬಗೆಯ ವಿಷವಿದೆ. ಫಾಕ್ಸ್‌ಗ್ಲೋವ್‌ನ ಎಲೆಯನ್ನು ಮನುಷ್ಯರಿಗೆ ಔಷಧವಾಗಿ ಬಳಸುವ ಬಗೆಯನ್ನು ವಿಲಿಯಂ ವಿದರಿಂಗ್ 1785ರಲ್ಲಿಯೇ ಬರೆದಿಟ್ಟಿದ್ದರು. ಅದರಲ್ಲಿ ಪ್ರಮಾಣ ಮೀರಿದರೆ ಆಗುವ ಅನಾಹುತಗಳ ವಿವರವೂ ಇದೆ. ಈ ಗುಂಪಿನ ವಿಷಕ್ಕೆ, ಫಾಕ್ಸ್‌ಗ್ಲೋವ್‌ ಜಾತಿಯ ಗಿಡದಿಂದ ಬರುವ ಡಿಗಾಕ್ಸಿನ್ ಎಂಬ ಹೃದಯದ ಔಷಧದ ವಿರುದ್ಧದ ಪ್ರತಿಕಾಯಗಳನ್ನು ಪ್ರತಿವಿಷವಾಗಿ ಬಳಸಲು ಬರುತ್ತದೆಯಾದರೂ ಅದು ಎಲ್ಲೆಡೆ ಸಿಗುವ ಔಷಧವಲ್ಲ, ಅಗ್ಗವೂ ಅಲ್ಲ.

ಕಣಗಿಲೆಯನ್ನು ಕಡಿದು ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಎಲೆ ಒಣಗಿದ ಮೇಲೂ ವಿಷ ಹಾಗೆಯೇ ಇರುತ್ತದೆ. ಹಸಿ ಎಲೆ ಕಹಿಯೆಂದು ಬಿಡುವ ಪ್ರಾಣಿ, ಒಣಗಿ ಬೇರೆ ತರಗೆಲೆಯೊಡನೆ ಸೇರಿದ ಎಲೆಯನ್ನು ತಿಂದುಬಿಡುವುದುಂಟು. ಹೂ ಇಟ್ಟ ಹೂದಾನಿಯ ನೀರಿಗೂ ವಿಷ ಇಳಿಯುತ್ತದೆ. ಸುಟ್ಟರೆ ಹೊಗೆ ಮನುಷ್ಯರಿಗೂ ಕೆಟ್ಟದ್ದು. ಆದ್ದರಿಂದ ಕೊಂಬೆಗಳನ್ನು ಸುಡದೆ, ಗೊಬ್ಬರದ ಗುಂಡಿಗೆ ಹಾಕದೆ, ಚೀಲಗಳಲ್ಲಿ ಬಿಗಿದು ಕಟ್ಟಿ ಕಸಕ್ಕೆ ಕಳುಹಿಸಿದೆವು. ನೆಲದ ಮೇಲಿನ ಎಲೆಗಳನ್ನು ಕುಳಿತು ಕೈಯಿಂದಲೇ ಆರಿಸಿದೆವು. ಪೊರಕೆಯಿಂದ ಗುಡಿಸಿದರೆ ಅರ್ಧ ಎಲೆ ಹುಲ್ಲಿನಲ್ಲಿಯೇ ಉಳಿಯುತ್ತಿತ್ತು.

ಬ್ರನ್‌ಫೆಲ್ಸಿಯಾವನ್ನು ತೆಗೆಯುವುದು ಮನೆಯವರಿಗೆಲ್ಲ ಬೇಸರದ ಕೆಲಸವಾಗಿತ್ತು. ನೇರಳೆ ಬಣ್ಣದಲ್ಲಿ ಅರಳಿ ದಿನ ಕಳೆದಂತೆ ಬಿಳಿಯಾಗುವ, ಸುವಾಸನೆಯ ಹೂವಿನ ಗಿಡ ಅದು. ಆದರೆ ಅದರ ಹಣ್ಣು ಬೀಜಗಳನ್ನು ನಾಯಿಗಳು ಇಷ್ಟಪಟ್ಟು ತಿನ್ನುತ್ತವೆ. ತಿಂದರೆ ಮೈ ನಡುಗಿ, ಕಾಲು ಸೆಟೆದು, ಫಿಟ್ಸ್ ಬರುತ್ತದೆ. ಸಣ್ಣ ಸದ್ದು, ಸ್ಪರ್ಶದಿಂದಲೂ ಅದು ಮರುಕಳಿಸಬಹುದು. ಗಿಡ ಎಷ್ಟು ಚೆಂದವಿದ್ದರೂ ನಾಯಿ ಓಡಾಡುವ ಜಾಗದಲ್ಲಿ ಅದು ಇರಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಅಗ್ನಿಶಿಖೆಯ ಗಡ್ಡೆಯಲ್ಲಿ ಕೊಲ್ಚಿಸಿನ್ ಇರುತ್ತದೆ. ಅದೂ ಸೈಕಸ್‌ನಂತೆ ಮೊದಲು ವಾಂತಿಭೇದಿ ಮಾಡಿಸಿ, ಆಮೇಲೆ ಮೂಳೆಮಜ್ಜೆಯವರೆಗೂ ಹೋಗುವ ವಿಷವಾದ್ದರಿಂದ ಗಡ್ಡೆಯ ತುಂಡು ಸಹ ಉಳಿಯದಂತೆ ಅಗೆಸಿದೆವು. ಬೇಲಿಯ ಮೇಲೆ ಹಬ್ಬಿದ್ದ ಗುಲಗಂಜಿ ಬಳ್ಳಿಯೂ, ಮೂಲೆಯಲ್ಲಿ ತಾನೇ ಹುಟ್ಟಿದ್ದ ದತ್ತೂರಿಯೂ ಹೋದವು.

ಹರಳು ಗಿಡದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಹರಳು ಬೀಜದಲ್ಲಿರುವ ರೈಸಿನ್ ಜೀವಕೋಶಗಳು ಪ್ರೋಟೀನ್ ತಯಾರಿಸುವುದನ್ನು ನಿಲ್ಲಿಸುತ್ತದೆ. ಇಡಿಯಾಗಿ ನುಂಗಿದ ಬೀಜ ಕೆಲವೊಮ್ಮೆ ಹಾಗೆಯೇ ಹೊರಬೀಳಬಹುದು, ಅಗಿದು ಒಡೆದ ಬೀಜ ಮಾರಕವಾಗಬಹುದು. ರೈಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ತೆಗೆದ ಮೇಲೆ ಅದು ಹಿಂಡಿಯಲ್ಲಿ ಉಳಿಯುತ್ತದೆ. ಸರಿಯಾಗಿ ಬಿಸಿಮಾಡಿ ಸಂಸ್ಕರಿಸದ ಹರಳು ಹಿಂಡಿಯನ್ನು ಗೊಬ್ಬರವಾಗಿ ಪಾತಿಗೆ ಹಾಕಿದರೆ, ವಿಶೇಷವಾಗಿ ಅದರ ಜೊತೆಗೆ ಮೂಳೆಪುಡಿ ಬೆರೆತಿದ್ದರೆ, ನಾಯಿ ಆ ವಾಸನೆಗೆ ಮಣ್ಣು ಕೆದರಿ ತಿನ್ನುತ್ತದೆ. ಹರಳು ಗಿಡವೇ ಇಲ್ಲದ ತೋಟದಲ್ಲೂ ಹೀಗೆ ಹರಳಿನ ವಿಷ ಏರಬಹುದು. ಗೊಬ್ಬರದ ಚೀಲದ ಮೇಲೆ ಬರೆದಿರುವುದನ್ನು ಓದದೆ ಈಗ ನಾವು ಯಾವುದನ್ನೂ ತರುವುದಿಲ್ಲ. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಗಳನ್ನೂ ಬಿಟ್ಟಿದ್ದೇವೆ, ಏಕೆಂದರೆ ಅವನ್ನು ತಿಂದ ನಾಯಿಗೆ ವಿಪರೀತ ನಡುಕವೂ ಜ್ವರವೂ ಬರುತ್ತವೆ.

ವಿಷದ ಗಿಡಗಳ ಪಟ್ಟಿಗಳು ಮಾಡುವ ಒಂದು ಅನ್ಯಾಯವನ್ನು ಹೇಳದೆ ಇರಲಾರೆ. ಅವು ಕಣಗಿಲೆಯನ್ನೂ ಮನಿ ಪ್ಲಾಂಟನ್ನೂ ಒಂದೇ ಸಾಲಿನಲ್ಲಿ ಇಡುತ್ತವೆ. ಅದನ್ನು ಓದಿದವರು ಒಂದೋ ಗಾಬರಿಯಿಂದ ಎಲ್ಲ ಗಿಡಗಳನ್ನೂ ಕೀಳುತ್ತಾರೆ, ಇಲ್ಲವೇ ಮನಿ ಪ್ಲಾಂಟ್ ಕಚ್ಚಿದ ನಾಯಿಗೆ ಏನೂ ಆಗದ್ದನ್ನು ಕಂಡು ಪಟ್ಟಿಯನ್ನೇ ನಂಬದೆ ಹೋಗುತ್ತಾರೆ. ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ, ಫಿಲೊಡೆಂಡ್ರಾನ್, ಪೀಸ್ ಲಿಲ್ಲಿ ಇವುಗಳ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಕಚ್ಚಿದ ಕೂಡಲೇ ಅವು ನಾಲಿಗೆಗೆ ಚುಚ್ಚಿಕೊಳ್ಳುವುದರಿಂದ ನಾಯಿ ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತದೆ, ಹೆಚ್ಚು ತಿನ್ನುವ ಗೋಜಿಗೆ ಹೋಗುವುದಿಲ್ಲ. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ತಣ್ಣೀರು ಕುಡಿಯಲು ಕೊಟ್ಟು, ವೈದ್ಯರಿಗೆ ಒಂದು ಮಾತು ತಿಳಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಗಂಟಲು ಊದಿ ಉಸಿರಾಟಕ್ಕೆ ತೊಡಕಾದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪಾಯಿನ್‌ಸೆಟಿಯಾದ ಬಗ್ಗೆ ಹಬ್ಬಿರುವ ಭಯವಂತೂ ಅದರ ನಿಜವಾದ ಶಕ್ತಿಗಿಂತ ಬಹಳ ದೊಡ್ಡದು. ಅದರ ಹಾಲಿನಿಂದ ಬಾಯಿ, ಹೊಟ್ಟೆಗೆ ಸ್ವಲ್ಪ ಕಿರಿಕಿರಿಯಾಗುತ್ತದೆ, ಅಷ್ಟೇ. ಲೋಳೆಸರದ ಸಿಪ್ಪೆಯಡಿಯ ಹಳದಿ ರಸ ಭೇದಿ ಮಾಡಿಸುತ್ತದೆ. ಇಂಥ ಗಿಡಗಳನ್ನು ನಾವು ಕೀಳದೆ, ಬೆಳ್ಳಿಗೆ ಎಟುಕದ ಎತ್ತರಕ್ಕೆ ಏರಿಸಿದೆವು.

ಖಾಲಿಯಾದ ಜಾಗಗಳಲ್ಲಿ ಗುಲಾಬಿ, ಮಲ್ಲಿಗೆ, ದಾಸವಾಳ, ಜಿನಿಯಾ, ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್ ನೆಟ್ಟೆವು. ಇವು ನಾಯಿಗೆ ವಿಷವಲ್ಲ. ಯಾವ ಎಲೆಯನ್ನಾದರೂ ಹೊಟ್ಟೆ ತುಂಬ ತಿಂದರೆ ವಾಂತಿಯಾಗಬಹುದೆಂಬುದು ಬೇರೆ ಮಾತು. ಬೇಲಿಯ ಬುಡದುದ್ದಕ್ಕೂ ಸಣ್ಣ ಕಣ್ಣಿನ ತಂತಿ ಜಾಲರಿಯನ್ನು ಮಣ್ಣಿನೊಳಗೆ ಇಳಿಯುವಂತೆ ಹೂತೆವು. ತೋಟದ ನಕ್ಷೆ ಬರೆದು, ಪ್ರತಿ ಗಿಡದ ಶಾಸ್ತ್ರೀಯ ಹೆಸರು, ಅದು ದೇಹದ ಯಾವ ಭಾಗಕ್ಕೆ ಪೆಟ್ಟು ಕೊಡುತ್ತದೆ ಎಂಬುದನ್ನು ಗುರುತಿಸಿ, ಪಶುವೈದ್ಯರ ಫೋನ್ ನಂಬರು, ರಾತ್ರಿಯೂ ತೆರೆದಿರುವ ಆಸ್ಪತ್ರೆಯ ನಂಬರು, ಬೆಳ್ಳಿಯ ಇತ್ತೀಚಿನ ತೂಕ ಇಷ್ಟನ್ನೂ ಅದೇ ಹಾಳೆಯಲ್ಲಿ ಬರೆದು ಬಾಗಿಲ ಒಳಬದಿಗೆ ಅಂಟಿಸಿದ್ದೇವೆ. ನಾವು ಊರಲ್ಲಿಲ್ಲದಾಗ ನಾಯಿಯನ್ನು ನೋಡಿಕೊಳ್ಳಲು ಬರುವವರಿಗೆ ಮೊದಲು ತೋರಿಸುವುದೇ ಆ ಹಾಳೆಯನ್ನು.

ಮಳೆ ಬಿದ್ದ ಮೇಲೆ ಹಕ್ಕಿ, ಗಾಳಿ, ನೀರಿನ ಜೊತೆ ಬಂದ ಬೀಜಗಳು ಮೊಳೆಯುತ್ತವೆ. ಆಗ ಬೇಲಿಯ ಸಾಲಿನಲ್ಲಿ ನಿಧಾನವಾಗಿ ನಡೆಯುತ್ತ, ಗುರುತು ಸಿಗದ ಸಸಿ ಕಂಡರೆ ಕೂಡಲೇ ಕೀಳದೆ ಫೋಟೊ ತೆಗೆದು ಹೆಸರು ತಿಳಿದುಕೊಂಡು, ನಕ್ಷೆಯಲ್ಲಿ ಸೇರಿಸಿ ಆಮೇಲೆ ಕೀಳುತ್ತೇವೆ. ಹೀಗೆ ಮಾಡಿದರೆ ಯಾವ ಮೂಲೆಯಲ್ಲಿ ಯಾವುದು ಮತ್ತೆ ಮತ್ತೆ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ. ದತ್ತೂರಿಯನ್ನು ಹಾಗೆ ಹಲವು ಸಲ ಕಿತ್ತಿದ್ದೇವೆ. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುವುದರಿಂದ ಇನ್ನೂ ಕೆಲವು ಮಳೆಗಾಲ ಆ ಮೂಲೆಯನ್ನು ನೋಡುತ್ತಲೇ ಇರಬೇಕಾಗುತ್ತದೆ.